ನಕ್ಕವರ ಅಂಕಣ

ನನಗೊಂದು ಚಟವಿದೆ, ಬರೆದಿಡುವುದು. ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ಬಸ್ಸು ಎಷ್ಟು ನಿಮಿಷ ತಡ, ಸಂಜೆ ಎಷ್ಟು ಮಿರ್ಚಿ ತಿಂದೆ, ಅದಕ್ಕೆ ಹೊಟ್ಟೆ ಏನೆಂದಿತು, ಎಲ್ಲವನ್ನೂ ತಾರೀಖು ಹಾಕಿ ಡೈರಿಗೆ ಏರಿಸುತ್ತೇನೆ. ಬರೆದಿಡುವವನು ಸುಳ್ಳು ಹೇಳಲಾರ ಎಂದು ನಂಬಿದ್ದೆ. ಹೇಳಬೇಕೆನಿಸಿದಾಗ ಎಷ್ಟು ಕಷ್ಟವೆಂಬುದು ಮಾತ್ರ ಗೊತ್ತಿರಲಿಲ್ಲ.

ಹರಿಹರದ ಸಣ್ಣ ಕಾರ್ಖಾನೆಯೊಂದರಲ್ಲಿ ನಾನು ಗುಮಾಸ್ತ. ನಾಲ್ಕು ಗಂಟೆಗೆ ಮೇಜಿನ ಮೇಲೆ ಪೇಪರ್ ಹಾಸಿ ಮಂಡಕ್ಕಿ ಸುರಿದರೆ ಆರು ಜನರ ಕೈ ಒಂದೇ ಗುಡ್ಡೆಗೆ. ಅಲ್ಲಿ ಮಾತಿನ ಯಜಮಾನಿಕೆ ಹಿರಿಯರಾದ ಹಾಲಪ್ಪನವರದು. ಅವರ ಗುರಿ, ಗಂಡನನ್ನು ಬಿಟ್ಟು ತವರಿಗೆ ಬಂದಿದ್ದ ಸಹೋದ್ಯೋಗಿ ರೇಣುಕಾ. "ರೇಣುಕಾಗೆ ಇನ್ನೊಂದು ಮಿರ್ಚಿ ಕೊಡ್ರಿ, ಮನ್ಯಾಗ ಖಾರ ಮುಟ್ಟಿಸೋರು ಯಾರೂ ಇಲ್ಲ" ಎಂಬುದು ಅವರ ಮಾತುಗಳಲ್ಲಿ ಇಲ್ಲಿ ಬರೆಯಬಹುದಾದದ್ದು. ನಾನು ಡೈರಿಯಲ್ಲಿ ಮೂರು ಅಂಕಣ ಮಾಡಿದ್ದೆ: ದಿನ, ಮಾತು, ನಕ್ಕವರು. ಬರೆದು ಪೆನ್ನಿನ ಮುಚ್ಚಳ ಹಾಕಿದಾಗ ನ್ಯಾಯ ಸಲ್ಲಿಸಿದಷ್ಟು ಹಗುರವಾಗುತ್ತಿತ್ತು. ರೇಣುಕಾ ಮಂಡಕ್ಕಿಗೆ ಬರುವುದನ್ನೇ ನಿಲ್ಲಿಸಿದರು. ಅದನ್ನೂ ಬರೆದೆ. ಉಳಿದವರ ಪಾಲು ಹೆಚ್ಚಾಯಿತೆಂದೂ ಬರೆದೆ.

ಕೊನೆಗೆ ರೇಣುಕಾ ಕಾರ್ಖಾನೆಯ ವಿಚಾರಣಾ ಸಮಿತಿಗೆ ದೂರು ಕೊಟ್ಟರು. ಸಾಕ್ಷಿ ಸಿಗದಿದ್ದರೆ ಕೆಲಸ ಬಿಡುವುದೆಂದು ನಿಶ್ಚಯಿಸಿದ್ದರು. ವಿಚಾರಣೆಯಲ್ಲಿ ಮೂವರು ಅದೆಲ್ಲ ತಮಾಷೆ ಎಂದುಬಿಟ್ಟರು. ಮರುದಿನ ನನ್ನ ಸರದಿ. ಹಾಲಪ್ಪನವರು ನನ್ನ ಹೆಗಲ ಮೇಲೆ ಕೈಯಿಟ್ಟು, "ತಮ್ಮಾ, ನಗಾಡಿದ್ದನ್ನ ದೊಡ್ಡದು ಮಾಡಬ್ಯಾಡ. ನೀನೂ ಅಲ್ಲೇ ಇದ್ದಿ" ಎಂದರು. ಆ ಕೈ ಬಹಳ ಭಾರವಾಗಿತ್ತು.

ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಡೈರಿ ತೆರೆದು ಎಣಿಸಿದೆ. ಒಟ್ಟು ಹತ್ತೊಂಬತ್ತು ದಿನ. ನಕ್ಕವರ ಅಂಕಣದಲ್ಲಿ 'ನಾನು' ಎಂದು ಹದಿನಾಲ್ಕು ಸಲ. ಆ ಅಂಕಣ ಬಿಟ್ಟು ಹೊಸದಾಗಿ ನಕಲು ಮಾಡಿದರೆ? ಬಸ್ಸೂ ಅಂದು ಧಾರಾಳವಾಗಿ ತಡಮಾಡಿತು. ಬೆವರುತ್ತ ಎರಡು ಸಾಲು ಬರೆದೆ. ಮೂರನೆಯದಕ್ಕೆ ಕೈ ರೂಢಿಯಂತೆ 'ನಕ್ಕವರು: ನಾನು' ಎಂದು ಬರೆದುಬಿಟ್ಟಿತು. ಹಾಳೆ ಹರಿದು, ಡೈರಿಯನ್ನೇ ಒಯ್ದು ಕೊಟ್ಟೆ.

ಸಮಿತಿಯ ಮೇಡಂ ಗಟ್ಟಿಯಾಗಿ ಓದಿದರು. 'ನಾನು' ಬಂದಾಗಲೆಲ್ಲ ಕನ್ನಡಕದ ಮೇಲಿಂದ ನನ್ನನ್ನು ನೋಡುತ್ತಿದ್ದರು. ಏಳನೆಯದರ ನಂತರ ನೋಡುವುದನ್ನು ಬಿಟ್ಟರು. ಅದು ಇನ್ನೂ ಕೆಟ್ಟದಾಗಿತ್ತು.

ಹಾಲಪ್ಪನವರು ತಪ್ಪೊಪ್ಪಿಗೆ ಬರೆದುಕೊಟ್ಟು ಗೋಡೌನಿಗೆ ವರ್ಗವಾಗಿ ಹೋದರು. ನಮ್ಮ ನಾಲ್ವರಿಗೂ ಎಚ್ಚರಿಕೆ ಪತ್ರ ಬಂತು. ನಾನು ರೇಣುಕಾರ ಬಳಿ ಹೋಗಿ ಕ್ಷಮೆ ಕೇಳಿದೆ.

"ಅವರು ಏನಂದ್ರು ಅನ್ನೋದು ನನಗ ಬಾಯಿಪಾಠ ಐತ್ರಿ" ಎಂದರು. "ನಕ್ಕೋರು ಯಾರು ಅಂತ ಗೊತ್ತಿರ್ಲಿಲ್ಲ. ತಲೆ ತಗ್ಗಿಸಿರ್ತಿದ್ದೆ."

ಈಗ ಅವರು ಮತ್ತೆ ಮಂಡಕ್ಕಿಗೆ ಬರುತ್ತಾರೆ. ಬಾಯಿ ತೆರೆಯುವ ಮೊದಲು ಎಲ್ಲರೂ ನಾನು ಡೈರಿ ಇಡುವ ಜೇಬು ನೋಡುತ್ತಾರೆ. ನಿನ್ನೆ ರೇಣುಕಾ ತಟ್ಟೆ ನನ್ನ ಕಡೆ ತಳ್ಳಿ, "ಇವರಿಗೆ ಇನ್ನೊಂದು ಮಿರ್ಚಿ ಕೊಡ್ರಿ, ಬರ್ಕೊಳ್ಳಾಕ ಏನರ ಬೇಕಲ್ಲ" ಎಂದರು. ಗುಡ್ಡೆಯ ಸುತ್ತ ದೊಡ್ಡ ನಗು ಎದ್ದಿತು.

ದಿನ ಬರೆದೆ, ಮಾತು ಬರೆದೆ. ನಕ್ಕವರ ಅಂಕಣ ಖಾಲಿ ಉಳಿದಿದೆ. ನಾನು ತಲೆ ತಗ್ಗಿಸಿದ್ದೆ.