ನೂರಿಪ್ಪತ್ತು ಬಾಬಿನ್ನು ಮತ್ತು ನಮ್ಮ ಯಜಮಾನರು

ಕೆಲಸದಲ್ಲಿ ಕೈಜೋಡಿಸುವ ಗಂಡ ಸಿಗಲಿ ಎಂದು ದೊಡ್ಡ ಗಣಪತಿಗೆ ಹರಕೆ ಹೊರುವ ಹುಡುಗಿಯರು ಸ್ವಲ್ಪ ಯೋಚಿಸುವುದು ಒಳ್ಳೆಯದು. ನಮ್ಮ ಯಜಮಾನರು ನನ್ನ ಕೆಲಸಕ್ಕೆ ಕೈಹಾಕಿದ್ದು ಒಂದೇ ಸಲ. ಆ ಹೊಟ್ಟೆಯುರಿ ನನಗೆ ಇನ್ನೂ ಆರಿಲ್ಲ.

ಆಗ ನಾವು ಚಾಮರಾಜಪೇಟೆಯ ವಠಾರದಲ್ಲಿದ್ದೆವು. ಮಧ್ಯಾಹ್ನದ ಹೊತ್ತು ನಾನು ಕಾನ್ವೆಂಟಿಗೆ ಹೋಗಿ ಲೇಸು ಹೆಣೆಯಲು ಕಲಿಯುತ್ತಿದ್ದೆ, ಕಲಿತದ್ದನ್ನು ಮನೆಯಲ್ಲಿ ಕೂತು ಹೆಣೆಯುತ್ತಿದ್ದೆ. ಗಟ್ಟಿ ದಿಂಬಿಗೆ ಗುಂಡುಸೂಜಿ ಚುಚ್ಚಿ, ದಾರ ಸುತ್ತಿದ ಮರದ ಬಾಬಿನ್ನುಗಳನ್ನು ಒಂದರ ಮೇಲೊಂದು ದಾಟಿಸುತ್ತಾ ಹೋಗಬೇಕು. ಕೈಯಲ್ಲಿ ಆಡುವುದು ನಾಲ್ಕೇ. ಉಳಿದ ನೂರಹದಿನಾರು ಸರದಿ ಕಾಯುತ್ತಾ ತಮ್ಮತಮ್ಮಲ್ಲೇ ಸಿಕ್ಕು ಹಾಕಿಕೊಳ್ಳುತ್ತವೆ. ವಠಾರದ ನಲ್ಲಿ ಮುಂದಿನ ಬಿಂದಿಗೆಗಳೂ ಅಷ್ಟು ಕಾದಾಡುತ್ತಿರಲಿಲ್ಲ. ಹತ್ತತ್ತನ್ನು ಹಳೇ ರಿಬ್ಬನ್ನಿನಲ್ಲಿ ಕಟ್ಟಿ, ಹೇರ್‌ಪಿನ್ನಿನಿಂದ ದಿಂಬಿಗೆ ಸಿಕ್ಕಿಸಿ ಹೇಗೋ ಸಂಭಾಳಿಸುತ್ತಿದ್ದೆ. ಕಲಿಸುವ ಸಿಸ್ಟರ್‌ಗೆ ಕಣ್ಣು ಮಂಜಾಗುತ್ತಿತ್ತು. ದಿಂಬಿನ ಮೇಲೆ ಅರ್ಧ ಹೆಣೆದಿರುವ ಈ ಲೇಸಿನ ಕಾಲರನ್ನು ಸೋಮವಾರ ಮುಗಿಸಿ ತಂದರೆ ಹೊಸಬರಿಗೆ ಕಲಿಸುವ ಕೆಲಸ ನಿನಗೇ ಎಂದಿದ್ದರು. ನನಗೂ ಒಂದು ಕೆಲಸ! ದಿನಾ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೋಗುವುದನ್ನು ನೆನೆಸಿಕೊಂಡು ಸಾರಿಗೆ ಎರಡೆರಡು ಸಲ ಉಪ್ಪು ಹಾಕಿದ್ದೂ ಉಂಟು.

ಯಜಮಾನರು ಸರ್ಕಾರಿ ಆಫೀಸಿನಲ್ಲಿ ಕಡತ ಜೋಡಿಸುವವರು. ನಮ್ಮ ಅಡುಗೆಮನೆಯ ಡಬ್ಬಿಗಳಿಗೂ ನಂಬರು: ತೊಗರಿಬೇಳೆ ಮೂರು, ಮೆಣಸಿನಪುಡಿ ಏಳು. ಹಾಗೇ ನನ್ನ ಬಾಬಿನ್ನುಗಳಿಗೂ ಒಂದರಿಂದ ನೂರಿಪ್ಪತ್ತರವರೆಗೆ ಚೀಟಿ ಅಂಟಿತ್ತು. ಆದರೆ ಲೇಸಿನಲ್ಲಿ ನಾಲ್ಕನೆಯದು ಮೂವತ್ತೇಳರ ಪಕ್ಕಕ್ಕೆ ಹೋಗಲೇಬೇಕು. ಅವು ಜಾಗ ಬದಲಿಸುವುದೇ ಹೆಣಿಗೆ.

ಭಾನುವಾರ ನಾನು ವಿಶ್ವೇಶ್ವರಪುರಂನಲ್ಲಿ ಅರಿಶಿನ ಕುಂಕುಮಕ್ಕೆ ಹೋಗಿ ಬಂದಾಗ ಯಜಮಾನರು ದಿಂಬಿನ ಮುಂದೆ ಚಕ್ಕಂಬಕ್ಕಲು ಹಾಕಿ ಕೂತಿದ್ದರು. ರಿಬ್ಬನ್ನುಗಳನ್ನೆಲ್ಲ ಬಿಚ್ಚಿ, ಅಡ್ಡ ಬಂದ ದಾರಗಳನ್ನು ಕತ್ತರಿಸಿ ಗಂಟು ಹಾಕಿದ್ದರು.

“ಎಲ್ಲಾ ಹಿಂದುಮುಂದಾಗಿತ್ತು ಕಣೇ. ಸೀರಿಯಲ್ ನಂಬರ್ ಪ್ರಕಾರ ಜೋಡಿಸಿದೀನಿ, ನೋಡು” ಎಂದರು.

ಅಳು ಬಂತು, ಅದಕ್ಕಿಂತ ಜಾಸ್ತಿ ಸಿಟ್ಟು ಬಂತು. ಮಡಿಲಿನ ತಾಂಬೂಲವನ್ನು ಅಲ್ಲೇ ಇಟ್ಟು, “ಕಾಫಿ ಕುಡೀತೀರಾ?” ಎಂದೆ. ಹನ್ನೊಂದನೇ ಡಬ್ಬಿ ತೆಗೆದೆ. ಕೆಲಸ ಹನುಮಂತನಗರದ ಒಬ್ಬ ಹುಡುಗಿಗೆ ಹೋಯಿತು.

ಈ ಕಥೆ ಕೇಳಿದವರೆಲ್ಲ ಅವರನ್ನೇ ಬೈಯುತ್ತಾರೆ, ನಾನೂ ದನಿಗೂಡಿಸುತ್ತೇನೆ. ಒಂದು ಮಾತನ್ನು ಮಾತ್ರ ಯಾರಿಗೂ ಹೇಳಿಲ್ಲ. ಬಾಬಿನ್ನುಗಳಿಗೆ ನಂಬರ್ ಅಂಟಿಸಿಕೊಡಿ ಎಂದು ಕೇಳಿದವಳು ನಾನೇ. ನನಗೆ ನಂಬರೇ ಬೇಕಿರಲಿಲ್ಲ. ಮೂರು ತಿಂಗಳಿಂದ ಆ ದಿಂಬನ್ನು ದಾಟಿಕೊಂಡೇ ಓಡಾಡುತ್ತಿದ್ದ ಮನುಷ್ಯ, ನಾನು ಏನು ಮಾಡುತ್ತಿದ್ದೇನೆಂದು ಒಂದು ಸಲವಾದರೂ ನೋಡಲಿ ಎಂದು ಆಸೆಪಟ್ಟಿದ್ದೆ.

ನೋಡಿದರು.