ಹೊಸ್ತಿಲು ದಾಟದ ದುಗ್ಗ

ನಮ್ಮ ಮನೆಯಲ್ಲಿದ್ದ ನಾಯಿ ದುಗ್ಗನ ಈ ಕತೆಗಳನ್ನೆಲ್ಲ ನನಗೆ ಮೊದಲು ಹೇಳಿದವರು ನಮ್ಮ ಸಣ್ಣತ್ತೆ, ಅಪ್ಪನ ತಂಗಿ. ಹೇಳುವಾಗ ಅವರ ಮಡಿಲಲ್ಲಿ ಒಂದು ನಾಯಿಮರಿ ಇದ್ದೇ ಇರುತ್ತಿತ್ತು, ಸೆರಗಿನ ಅಂಚು ಅದರ ಬಾಯಲ್ಲಿ. "ನಾಯಿ ಸಾಕಿದ ಮನ್ಯಾಗ ನಗಸಾಕ ಬ್ಯಾರೆ ಯಾರೂ ಬರಬೇಕಾಗಿಲ್ಲ ಬಿಡವಾ" ಎನ್ನುತ್ತಿದ್ದರು. ಮಾತು ನಿಜ. ನನ್ನ ಮನೆಯಲ್ಲೂ ಈಗೊಂದು ನಾಯಿ ಇದೆ. ನಿನ್ನೆ ನನ್ನ ಎಡಗಾಲಿನ ಚಪ್ಪಲಿಯನ್ನು ತಿಂದು ಮುಗಿಸಿ, ಬಲಗಾಲಿನದನ್ನು ಮರ್ಯಾದೆಯಿಂದ ತಂದು ನನ್ನ ಮುಂದಿಟ್ಟಿತು. ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿದ ನನಗೆ ಇದರ ತರ್ಕ ಇನ್ನೂ ಹೊಳೆದಿಲ್ಲ. ಆದರೂ ದುಗ್ಗನ ಮುಂದೆ ಇದು ಇನ್ನೂ ಒಂದನೇ ಕ್ಲಾಸು.

೧. ಅಜ್ಜಿ ಕಲಿತ ಇಂಗ್ಲಿಷ್

ಆಗ ನಮ್ಮೂರು ಹೊಸಪೇಟೆ ಮದ್ರಾಸು ಪ್ರಾಂತಕ್ಕೆ ಸೇರಿತ್ತು. ಸಂಡೂರಿನ ಗಣಿಯಲ್ಲಿದ್ದ ಒಬ್ಬ ಇಂಗ್ಲಿಷ್ ದೊರೆ ತನ್ನ ಸೀಮೆಗೆ ವಾಪಸು ಹೊರಟಾಗ, ಬಂಗಲೆಗೆ ಬೆಲ್ಲ-ಬಾಳೆಹಣ್ಣು ಕಳಿಸುತ್ತಿದ್ದ ನಮ್ಮ ಅಪ್ಪನ ಕೈಗೆ ತನ್ನ ನಾಯಿಯ ಹಗ್ಗ ಕೊಟ್ಟು, ಕಣ್ಣೊರೆಸಿಕೊಂಡು ರೈಲು ಹತ್ತಿದನಂತೆ. ನಾಯಿಯ ಹೆಸರು ಡ್ಯೂಕ್. ಅಜ್ಜಿಯ ಬಾಯಲ್ಲಿ ಅದು ಅವತ್ತೇ ದುಗ್ಗ ಆಯಿತು. ನಾಯಿಯೂ ತಕರಾರು ಮಾಡಲಿಲ್ಲ.

ತಕರಾರೆಲ್ಲ ಅಜ್ಜಿಯದು. ನಮ್ಮದು ಕೊರಳಲ್ಲಿ ಲಿಂಗ ಕಟ್ಟುವ ಮನೆತನ. ಅಜ್ಜಿ ಬಾಗಿಲಲ್ಲಿ ಅಡ್ಡ ನಿಂತು, "ಲಿಂಗ ಇಲ್ಲದ್ದು ನನ್ನ ಹೊಸ್ತಿಲ ದಾಟಂಗಿಲ್ಲ. ಬೇಕಾದ್ರ ಕಟ್ಟಿ ಮ್ಯಾಲ ಬಿದ್ದಿರಲಿ" ಎಂದರು.

"ಮತ್ತ ಬೆಕ್ಕು ಒಳಗೈತಲ್ಲವ್ವಾ?" ಎಂದರು ಅಪ್ಪ.

"ಅದು ಹೇಳಿದ್ರ ಎಲ್ಲಿ ಕೇಳ್ತೈತಿ?"

ದುಗ್ಗ ಕೇಳುವ ನಾಯಿ. ಆದರೆ ಇಂಗ್ಲಿಷಿನಲ್ಲಿ ಮಾತ್ರ. "ಹೋಗಲೇ" ಅಂದರೆ ಬಾಲ ಆಡಿಸಿಕೊಂಡು ಇನ್ನೂ ಹತ್ತಿರ ಬರುತ್ತಿದ್ದ. ಕೊನೆಗೆ ಅಪ್ಪ ಅಜ್ಜಿಗೆ ಒಂದೇ ಒಂದು ಇಂಗ್ಲಿಷ್ ಮಾತು ಕಲಿಸಿದರು: ಗೆಟೌಟ್. ಹಾಗಂದರೇನು ಎಂದು ಅಜ್ಜಿ ಕೇಳಿದ್ದಕ್ಕೆ, "ಹೊರಗ ಕಟ್ಟಿ ಮ್ಯಾಲ ಕುಂದ್ರು ಅಂತ" ಎಂದುಬಿಟ್ಟರು. ಅಜ್ಜಿ ಅಂದರು, ದುಗ್ಗ ಮೆಟ್ಟಿಲಿಳಿದು, ಕಟ್ಟೆ ಏರಿ, ನೆಟ್ಟಗೆ ಕುಳಿತ. ಅಜ್ಜಿಗೆ ಆ ಮಾತಿನ ಮೇಲೆ ಭಾರಿ ಗೌರವ ಬಂತು.

ಮುಂದಿನ ವಾರ ಸಣ್ಣತ್ತೆಯನ್ನು ನೋಡಲು ವರ ಬಂದ. ಕೋಟು, ಹ್ಯಾಟು, ಕೈಯಲ್ಲಿ ಬೆತ್ತ. ಗಂಡಸರು ಇನ್ನೂ ಮನೆಗೆ ಬಂದಿರಲಿಲ್ಲ. ಬಾಗಿಲಲ್ಲೇ ನಿಂತು, "ಗುಡ್ ಮಾರ್ನಿಂಗ್" ಎಂದ. ಇಂಗ್ಲಿಷಿನವರಿಗೆ ಇಂಗ್ಲಿಷಿನಲ್ಲೇ ಉಪಚಾರ ಮಾಡಬೇಕಲ್ಲ? ಅಜ್ಜಿ ಸೆರಗು ಸರಿಮಾಡಿಕೊಂಡು, ಎರಡೂ ಕೈ ಮುಗಿದು, ಕಟ್ಟೆಯ ಕಡೆ ತೋರಿಸಿ, ತುಂಬ ವಿನಯದಿಂದ ಹೇಳಿದರು:

"ಗೆಟೌಟ್‌ರಿ."

ಸಂಬಂಧ ಮುರಿಯಿತೆಂದು ಒಳಗಿದ್ದ ಸಣ್ಣತ್ತೆ ಕಿಟಕಿಗೆ ಓಡಿದರಂತೆ. ಆದರೆ ವರ ಹೋಗಲಿಲ್ಲ. ಕಟ್ಟೆಯ ಮೇಲೆ ದುಗ್ಗನ ಪಕ್ಕ ಕುಳಿತುಕೊಂಡ. ಅಪ್ಪ ಓಡೋಡಿ ಬಂದಾಗ, "ಮುದುಕಿಗೇ ಇಷ್ಟು ಇಂಗ್ಲಿಷ್ ಬರ್ತೈತಿ ಅಂದ್ರ ಹುಡುಗಿ ಭಾಳ ಓದಿರಬೇಕು ಬಿಡ್ರಿ" ಎಂದು, ಒಳಗೆ ಬರುವ ಮೊದಲೇ ಒಪ್ಪಿಕೊಂಡ. ಅವರೇ ನಮ್ಮ ಮಾವ. ಸಾಯುವ ತನಕ ಅಜ್ಜಿಗೂ ಅವರಿಗೂ ಇಂಗ್ಲಿಷಿನಲ್ಲಿ ಆದ ಸಂಭಾಷಣೆ ಅದೊಂದೇ.

೨. ಹಾಲು ಯಾರಿಗೆ ಮುಟ್ಟಿತು

ನಮ್ಮ ಕಡೆ ಮೈಲಾರನ ಗೊರವಯ್ಯಗಳು ಮನೆಮನೆಗೆ ಬರುವುದುಂಟು. ಕರಿ ಕಂಬಳಿ, ಕರಡಿ ಕೂದಲಿನ ಟೊಪ್ಪಿಗೆ, ಕೈಯಲ್ಲಿ ಡಮರು. ಅವರು ದೇವರ ನಾಯಿಗಳು ಎಂದು ನಂಬಿಕೆ. ಹರಕೆ ಹೊತ್ತವರು ಅವರ ದೋಣಿಯಲ್ಲಿ, ಅಂದರೆ ಕಟ್ಟಿಗೆಯ ಬಟ್ಟಲಲ್ಲಿ, ಹಾಲು, ಬಾಳೆಹಣ್ಣು ಹಾಕುತ್ತಾರೆ. ಗೊರವಯ್ಯ ಮಂಡಿಯೂರಿ, ನಾಯಿಯ ಹಾಗೆ ಬೊಗಳಿ, ಅದಕ್ಕೆ ಬಾಯಿ ಹಾಕುತ್ತಾನೆ. ಆಗ ಹರಕೆ ತೀರಿತು ಅಂತ.

ಸಣ್ಣತ್ತೆಯ ಮದುವೆ ಗಟ್ಟಿಯಾಯಿತಲ್ಲ, ಅಜ್ಜಿ ಹರಕೆ ತೀರಿಸಲು ಗೊರವಯ್ಯನನ್ನು ಕರೆಸಿದರು. ಅಂಗಳ ಸಾರಿಸಿ, ರಂಗೋಲಿ ಹಾಕಿ, ದೋಣಿ ತುಂಬ ಹಾಲು ಸುರಿದರು. ಗೊರವಯ್ಯ ಡಮರು ಬಾರಿಸಿ, ಮಂಡಿಯೂರಿ, ಗಟ್ಟಿಯಾಗಿ ಬೊಗಳಿದ.

ಕಟ್ಟೆಯ ಮೇಲಿದ್ದ ದುಗ್ಗ ಕಿವಿ ನಿಮಿರಿಸಿದ. ಹಮ್ಮಿಲ್ಲದೆ ಕೆಳಗಿಳಿದು ಬಂದು, ಗೊರವಯ್ಯನ ಎದುರು ತಾನೂ ಒಮ್ಮೆ ಬೊಗಳಿದ. ಗೊರವಯ್ಯ ಸೋಲುವವನಲ್ಲ, ಮತ್ತೆ ಬೊಗಳಿದ. ಹೀಗೆ ಸ್ವಲ್ಪ ಹೊತ್ತು ಸವಾಲು-ಜವಾಬು ನಡೆಯಿತು. ಗೊರವಯ್ಯ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ ಹೊತ್ತಿಗೆ ದುಗ್ಗ ದೋಣಿಯನ್ನು ನೆಕ್ಕಿ ಒಣಗಿಸಿದ್ದ.

ಅಜ್ಜಿ ತಲೆಯ ಮೇಲೆ ಕೈ ಹೊತ್ತರು. "ಅಯ್ಯೋ, ಹರಕಿ ಕೆಟ್ಟಿತಲ್ಲೋ ಅಯ್ಯಾ! ಮದುವಿ ಮನಿ ಇದು."

ಗೊರವಯ್ಯ ಎದ್ದು, ಮಂಡಿಯ ಧೂಳು ಕೊಡವಿಕೊಂಡು, ಹೇಳಿದ: "ಯಾಕ ಕೆಡ್ತೈತಿ ಅವ್ವಾ? ನಾವು ಹರಕೀಗೆ ನಾಯಿ ಆದವ್ರು. ಅವ್ನು ಹುಟ್ಟಾ ನಾಯಿ. ನನಗಿಂತ ಸೀನಿಯರ್ರು."

೩. ಹಂಪಿಯಲ್ಲಿ ಪರಾಕ್ರಮ

ಇದು ಸಣ್ಣದು. ಹಂಪಿಗೆ ಗಾಡಿ ಕಟ್ಟಿಕೊಂಡು ಹೋಗಿದ್ದರು. ದುಗ್ಗ ದಾರಿಯುದ್ದಕ್ಕೂ ಗಾಡಿಯ ಕೆಳಗಿನ ನೆರಳಲ್ಲೇ ನಡೆದ. ದಾರಿಯಲ್ಲಿ ಸಿಕ್ಕ ಕಡ್ಡಿರಾಂಪುರದ ನಾಯಿಗಳೆಲ್ಲ ತನ್ನನ್ನು ಕಂಡೇ ಬಾಲ ಮುದುರಿದವು ಎನ್ನುವ ಹಾಗೆ ನೋಡುತ್ತಿದ್ದ. ಹಂಪಿಯಲ್ಲಿ ಬಂಡೆಯ ಮೇಲೆ ರೊಟ್ಟಿ ಬುತ್ತಿ ಬಿಚ್ಚಿದ ಕೂಡಲೇ ಕೋತಿಗಳು ಇಳಿದವು. ದುಗ್ಗ ಎಲ್ಲಿ? ಅಜ್ಜಿಯ ಬೆನ್ನ ಹಿಂದೆ, ಸೀರೆಯ ಮರೆಯಲ್ಲಿ. ಅಜ್ಜಿಯೇ ಎದ್ದು ನಿಂತು, ತಮಗೆ ಗೊತ್ತಿದ್ದ ಇಂಗ್ಲಿಷನ್ನೆಲ್ಲ ಕೋತಿಗಳ ಮೇಲೆ ಪ್ರಯೋಗಿಸಿದರು. ದುಗ್ಗನೊಬ್ಬನೇ ಆ ಮಾತು ಕೇಳಿ, ತಲೆ ತಗ್ಗಿಸಿ ಹೋಗಿ ಗಾಡಿಯ ಮೇಲೆ ಕುಳಿತ. ಕೋತಿಗಳು ಕುಳಿತು ರೊಟ್ಟಿ ತಿಂದವು.

೪. ಬಿಲ್ಲೆ

ಇದನ್ನು ಮಾತ್ರ ನಾನೂ ಕಣ್ಣಾರೆ ಕಂಡೆ. ಆಗ ನಾನಿನ್ನೂ ಅಜ್ಜಿಯ ಸೊಂಟದೆತ್ತರ.

ಊರಲ್ಲಿ ಹುಚ್ಚುನಾಯಿ ಕಾಟ ಎದ್ದಿತ್ತು. ಕೊರಳಲ್ಲಿ ಮುನಿಸಿಪಾಲ್ಟಿಯ ಹಿತ್ತಾಳೆ ಬಿಲ್ಲೆ ಇಲ್ಲದ ನಾಯಿ ಬೀದಿಯಲ್ಲಿ ಸಿಕ್ಕರೆ ಹಿಡಿದೊಯ್ದು ಕೊಲ್ಲುತ್ತೇವೆ ಎಂದು ಡಂಗುರ ಸಾರಿದ್ದರು. ದುಗ್ಗನಿಗೂ ಅಪ್ಪ ಬಿಲ್ಲೆ ಕಟ್ಟಿಸಿದ್ದರು. ದುಗ್ಗ ಮುಂಗುಸಿಯ ಹಿಂದೆ ಕಬ್ಬಿನ ಗದ್ದೆಗೆ ನುಗ್ಗಿ ಅದನ್ನು ಕಳೆದುಕೊಂಡು ಬಂದ. ಹೊಸ ಬಿಲ್ಲೆ ತರಲು ಅಪ್ಪ ಮುನಿಸಿಪಾಲ್ಟಿಗೆ ಹೋದರು. ಅವರು ಅತ್ತ ಹೋದರು, ನಾಯಿ ಹಿಡಿಯುವವನು ಇತ್ತ ನಮ್ಮ ಬೀದಿಗೆ ಬಂದ. ಹಣೆ ತುಂಬ ವಿಭೂತಿ, ಕೈಯಲ್ಲಿ ಉರುಳು ಕಟ್ಟಿದ ಉದ್ದನೆಯ ಕೋಲು.

ಮನೆಯಲ್ಲಿ ಅಜ್ಜಿ, ತವರಿಗೆ ಬಂದಿದ್ದ ಸಣ್ಣತ್ತೆ, ನಾನು. ದುಗ್ಗ ಬಾಗಿಲ ಮುಂದೆಯೇ ಮಲಗಿದ್ದ. ಒಳಗೆ ಬಂದರೆ ಬದುಕಿದ. ಹೊರಗಿದ್ದರೆ ಮುಗಿಯಿತು.

"ದುಗ್ಗಾ, ಒಳಗ ಬಾರಲೇ!" ಅಜ್ಜಿ ಕೂಗಿದರು.

ದುಗ್ಗ ಎದ್ದ. ಹೊಸ್ತಿಲ ತನಕ ಬಂದ. ನಿಂತ. ಇಷ್ಟು ವರ್ಷ ಅಜ್ಜಿಯೇ ಕಲಿಸಿದ ಪಾಠ, ಮರೆಯುತ್ತಾನೆಯೇ? ಹೊಸ್ತಿಲ ಆಚೆಯೇ ಕುಳಿತು, ಬಾಲದಿಂದ ಧೂಳೆಬ್ಬಿಸುತ್ತ, ಅಜ್ಜಿಯ ಮುಖ ನೋಡಿದ.

"ಬಾರೋ ನನ್ನಪ್ಪಾ, ನಾನಽ ಕರೀತೀನಿ, ಬಾ!"

ಊಹೂಂ. ಸಣ್ಣತ್ತೆ ಹಿಡಿದೆಳೆಯಲು ಹೋದರೆ, ಆಟವೆಂದುಕೊಂಡು ಕಟ್ಟೆಯ ಆ ತುದಿಗೆ ಜಿಗಿದ. ಕೋಲಿನವನು ಮೆಟ್ಟಿಲ ಬಳಿ ಬಂದೇಬಿಟ್ಟ.

"ಅವ್ವಾ, ಇಂಗ್ಲಿಷ್‌ನಾಗ ಹೇಳು! ಅವ್ನು ಇಂಗ್ಲಿಷ್ ಕೇಳ್ತಾನ!" ಎಂದು ಸಣ್ಣತ್ತೆ ಅಳುತ್ತ ಕಿರುಚಿದರು.

ಅಜ್ಜಿಗೆ ಗೊತ್ತಿದ್ದದ್ದು ಒಂದೇ. ಗಾಬರಿಯಲ್ಲಿ ಅದನ್ನೇ ಅಂದರು: "ಗೆಟೌಟ್!"

ದುಗ್ಗ ತಲೆ ತಗ್ಗಿಸಿ, ವಿಧೇಯನಾಗಿ, ಮೆಟ್ಟಿಲಿಳಿದು ಹೋಗಿ ಕೋಲಿನವನ ಕಾಲ ಬಳಿಯೇ ನಿಂತ.

ಆಗ ಅಜ್ಜಿ ದೇವರಮನೆಗೆ ಓಡಿದರು. ಗೂಟಕ್ಕೆ ಅಜ್ಜನ ಕರಡಿಗೆ ತೂಗುಹಾಕಿತ್ತು, ಲಿಂಗ ಇಟ್ಟುಕೊಳ್ಳುವ ಬೆಳ್ಳಿಯ ಡಬ್ಬಿ. ಅಜ್ಜನನ್ನು ಮಣ್ಣು ಮಾಡಿದಾಗ ಲಿಂಗ ಅವರ ಜೊತೆಗೇ ಹೋಗಿತ್ತು, ಖಾಲಿ ಕರಡಿಗೆ ಉಳಿದಿತ್ತು. ಅದನ್ನು ದಾರದ ಸಮೇತ ಹಿಡಿದು, ಬರಿಗಾಲಲ್ಲಿ ಬೀದಿಗಿಳಿದು, ಉರುಳಿನ ಕೆಳಗೆ ಕೈ ತೂರಿಸಿ ದುಗ್ಗನ ಕೊರಳಿಗೆ ಹಾಕಿದರು.

"ಅಮ್ಮಾರ, ಬಿಲ್ಲಿ ಎಲ್ಲೈತ್ರಿ?" ಎಂದ ಕೋಲಿನವನು.

"ಕಣ್ಣಿಲ್ಲೇನು? ಕೊಳ್ಳಾಗ ನೋಡು."

ಅವನು ಬಗ್ಗಿದ. ನೋಡಿದ. ಅವನ ಕೈ ತಾನಾಗಿ ತನ್ನ ಎದೆಯ ಮೇಲಿದ್ದ ಲಿಂಗದ ಗಂಟನ್ನು ಮುಟ್ಟಿಕೊಂಡಿತು.

"ಇದು... ಮುನಿಸಿಪಾಲ್ಟೀದು ಅಲ್ರೀ ಅಮ್ಮಾರ."

"ಅಲ್ಲ. ಅವ್ರಿಗಿಂತ ಮ್ಯಾಲಿನ ಆಫೀಸಿಂದು. ಧೈರ್ಯ ಇದ್ರ ಹಗ್ಗ ಹಾಕು."

ಅವನು ಕೋಲನ್ನೊಮ್ಮೆ, ಕರಡಿಗೆಯನ್ನೊಮ್ಮೆ ನೋಡಿದ. "ನನಗೂ ಮಕ್ಕಳು-ಮರಿ ಅದಾವ್ರಿ" ಎಂದು, ಅಜ್ಜಿಗೆ ಕೈ ಮುಗಿದು, ಯಾವುದಕ್ಕೂ ಇರಲಿ ಅಂತ ದುಗ್ಗನಿಗೂ ಮುಗಿದು, ಮುಂದಿನ ಬೀದಿಗೆ ಹೋದ.

ಅಜ್ಜಿ ಮೆಟ್ಟಿಲ ಮೇಲೆ ಕುಳಿತು ಬಹಳ ಹೊತ್ತು ದುಗ್ಗನ ಕಿವಿ ಹಿಡಿದುಕೊಂಡಿದ್ದರು. ಆಮೇಲೆ ಮುಂದಿನಿಂದ ಅಜ್ಜಿ ಮುಂಗಾಲು ಹಿಡಿದು ಎಳೆದು, ಹಿಂದಿನಿಂದ ನಾನು ಮತ್ತು ಸಣ್ಣತ್ತೆ ನೂಕಿ, ಅವನನ್ನು ಹೊಸ್ತಿಲು ದಾಟಿಸಿದೆವು.

ಒಳಗೆ ಬಂದದ್ದೇನೋ ಆಯಿತು. ಆದರೆ ಕರಡಿಗೆ ಕಟ್ಟಿಕೊಂಡವರು ಸ್ನಾನವಿಲ್ಲದೆ ಉಣ್ಣುವಂತಿಲ್ಲ, ಅದೂ ಅಜ್ಜಿಯ ಕಾನೂನೇ. ಅಪ್ಪ ಸಂಜೆ ಹೊಸ ಬಿಲ್ಲೆ ಹಿಡಿದು ಬಂದಾಗ, ದುಗ್ಗ ಒದ್ದೆ ಮೈಯಲ್ಲಿ ಹಿತ್ತಲ ತುಂಬ ಓಡುತ್ತಿದ್ದ. ಹಿಂದೆ ಅಜ್ಜಿ, ಕೈಯಲ್ಲಿ ಚೊಂಬು. "ಲೇ ದುಗ್ಗಾ, ಜಳಕ ಮಾಡಲಾರದ ಉಣ್ತೀಯೇನಲೇ?"

ಅಪ್ಪ ಬಗ್ಗಿ ದುಗ್ಗನ ಕೊರಳು ನೋಡಿದರು. "ಅವ್ವಾ... ಇದು ಅಪ್ಪಂದಲ್ಲೇನು?"

"ಹೌದು," ಎಂದರು ಅಜ್ಜಿ, ಏದುಸಿರು ಬಿಡುತ್ತ. "ಕರಡಿಗೀದೇ ಗುಣ ಕಾಣ್ತೈತಿ. ಜಳಕ ಅಂದ್ರ ನಿಮ್ಮಪ್ಪಾರೂ ಹಿಂಗಽ ಓಡ್ತಿದ್ರು."

ಇಷ್ಟು ಹೇಳಿ ಸಣ್ಣತ್ತೆ, "ಕೇಳಿ ಸುಮ್ಮನ ಕುಂದರಬ್ಯಾಡವಾ, ನಾಕ ಮಂದೀಗೆ ಹೇಳು" ಎನ್ನುತ್ತಿದ್ದರು. ನಾನು ಹೇಳಿದೆ. ಇನ್ನು ನೀವು ಹೇಳಿ. ಸ್ನಾನ ಅಂದರೆ ಓಡುವವರು ಮನೆಯಲ್ಲಿ ಯಾರಾದರೂ ಇದ್ದರೆ, ಕಾಲು ಎರಡಿರಲಿ ನಾಲ್ಕಿರಲಿ, ಮೊದಲು ಅವರಿಗೆ.