ಯಂತ್ರದೊಳಗಿನ ಕಾಲುವೆ

ನಮ್ಮ ಕಾಲುವೆ ಕಚೇರಿಯಲ್ಲಿ ಹೊಸದೇನು ಬಂದರೂ ಮೊದಲು ಅನುಮಾನ ಬರುತ್ತದೆ, ಅದರ ಹಿಂದೆಯೇ ನಗುವಂಥದ್ದೂ ಬರುತ್ತದೆ. ಈ ಸಲ ಬಂದದ್ದು, ಗೇಟು ಎಷ್ಟು ಎತ್ತಿದರೆ ನೀರು ಎಲ್ಲಿಯವರೆಗೆ ಹರಿಯುತ್ತದೆ ಎಂದು ತೋರಿಸುವ ಸಾಫ್ಟ್‌ವೇರ್. ಮೆಟ್ರಿ ಕಡೆಯ ರೈತರೊಬ್ಬರ ಹೊಲ ಕಾಲುವೆಯ ಕಟ್ಟಕಡೆಗಿದೆ. ನೀರು ಮುಟ್ಟದೆ ಅವರ ಭತ್ತ ಒಣಗುತ್ತಿತ್ತು. ನೀರು ಅಲ್ಲಿಗೆ ಮುಟ್ಟುತ್ತಿಲ್ಲವೆಂದು ಸೋಮವಾರದ ಸಭೆಯಲ್ಲಿ ನಾನು ಇದರಲ್ಲಿ ತೋರಿಸಿಕೊಟ್ಟರೆ ಅವರಿಗೆ ಎರಡು ದಿನ ಹೆಚ್ಚಿನ ನೀರಿನ ಪಾಳಿ. ಇಲ್ಲದಿದ್ದರೆ ಹಳೆಯ ಪಾಳಿಯೇ ಗತಿ.

೧. ಪುಕ್ಕಟೆ

ಆ ಸಾಫ್ಟ್‌ವೇರ್ ಸಿದ್ಧವಾಗಿ ಬರುವುದಿಲ್ಲ. ಬರೆದವರು ಮೂಲ ಕೋಡನ್ನೇ ಕೊಡುತ್ತಾರೆ, ನಮ್ಮ ಲಿನಕ್ಸ್ ಕಂಪ್ಯೂಟರಿನಲ್ಲಿ ನಾವೇ ಕಟ್ಟಿಕೊಳ್ಳಬೇಕು. ದುಡ್ಡಿಲ್ಲ, ಬೇಕಾದರೆ ಒಂದೊಂದು ಸಾಲನ್ನೂ ಓದಿ ನೋಡಬಹುದು ಎಂದು ನಮ್ಮ ಕಚೇರಿಯ ಸಾಹೇಬರಿಗೆ ವಿವರಿಸಿದೆ. ಅವರು ಕನ್ನಡಕ ತೆಗೆದಿಟ್ಟರು.

“ಪುಕ್ಕಟೆ ಕೊಟ್ಟು, ಹೆಂಗ ಮಾಡೀವಿ ಅಂತಾನೂ ತೋರಸ್ತಾರಂದ್ರ, ಏನೋ ಮುಚ್ಚಿಡಾಕತ್ತಾರ.”

೨. ಗೋಡೆಯ ಕಡೆ ಮುಖ

ಕಟ್ಟುವ ಮೊದಲು ಕಂಪ್ಯೂಟರ್ ಪಾಸ್‌ವರ್ಡ್ ಕೇಳಿತು. ಅದು ಸಾಹೇಬರ ಬಳಿ ಮಾತ್ರ ಇರುವ ಗುಟ್ಟು. ನನ್ನನ್ನೂ ಅಟೆಂಡರನನ್ನೂ ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿ ಟೈಪ್ ಮಾಡಿದರು. ಪರದೆಯ ಮೇಲೆ ಚುಕ್ಕಿಯೂ ಮೂಡಲಿಲ್ಲ. ಅದು ಹಾಗೆಯೇ, ತೋರಿಸುವುದಿಲ್ಲ ಎಂದೆ. ಅವರು ನಂಬಲಿಲ್ಲ. ಕೀಲಿಮಣೆ ಕೆಟ್ಟಿದೆಯೆಂದು ಬಗೆದು, ಒಂದೊಂದು ಅಕ್ಷರವನ್ನೂ ಬಾಯಲ್ಲಿ ಗುನುಗುತ್ತ ಗುದ್ದಿದರು. ತಪ್ಪು ಎಂದು ಬಂತು.

ಗೋಡೆ ನೋಡುತ್ತಲೇ ಅಟೆಂಡರ್ ಹೇಳಿದ: “ನಡುವಿನ ಸೊನ್ನಿ ಬಿಟ್ರಿ ಸಾಹೇಬ್ರ. ದಿನಾ ಹಾಕ್ತಿದ್ರಿ.”

೩. ಕೊನೆಯ ಹೊಲ

ಮೂರು ದಿನ ಒಂದಲ್ಲ ಒಂದು ತಕರಾರು ತೆಗೆದು, ಶನಿವಾರ ಮಧ್ಯಾಹ್ನ ಅದು ಓಡಿತು. ರೈತರನ್ನೂ ಕರೆಸಿದ್ದೆ. ಪರದೆಯ ಮೇಲೆ ನೀಲಿ ಗೆರೆ ಗೇಟಿನಿಂದ ಹೊರಟು, ಎಲ್ಲೂ ನಿಲ್ಲದೆ ಸರಾಗವಾಗಿ ಅವರ ಹೊಲವನ್ನೇ ಮುಟ್ಟಿಬಿಟ್ಟಿತು. ನೀರು ಮುಟ್ಟುತ್ತಿದ್ದರೂ ಸುಳ್ಳು ಅರ್ಜಿ ಕೊಟ್ಟಿದ್ದೀರಿ ಎಂಬಂತೆ ಸಾಹೇಬರು ಅವರನ್ನು ನೋಡಿದರು. ರೈತರು ಪರದೆಯನ್ನು ನೋಡಿದರು.

“ಈ ಕಾಲುವಿ ದಂಡಿಗೆ ಯಾರೂ ಮೋಟರ್ ಇಟ್ಟಿಲ್ಲೇನ್ರಿ?”

ಇಳಿಜಾರು ತುಂಬಿದ್ದೆ, ಹೂಳು ತುಂಬಿದ್ದೆ, ದಂಡೆಯ ಹುಲ್ಲನ್ನೂ ಬಿಟ್ಟಿರಲಿಲ್ಲ. ಕಳ್ಳ ಮೋಟರುಗಳು ಮಾತ್ರ ನಮ್ಮ ಯಾವ ಕಡತದಲ್ಲೂ ಇಲ್ಲ. ಅವರು ಬೆರಳು ಮಡಿಚುತ್ತ ಒಂದೊಂದನ್ನೇ ಹೇಳಿದರು: ಆಲದ ಮರದ ಕೆಳಗೊಂದು, ಪೈಪು ಹೂತಿಟ್ಟದ್ದೊಂದು, ದನದ ಕೊಟ್ಟಿಗೆಯ ಹಿಂದೆ ಎರಡು. ಸೇರಿಸಿದ ಹಾಗೆಲ್ಲ ಗೆರೆ ಗಿಡ್ಡವಾಗುತ್ತ ಬಂತು. ಹತ್ತಾದ ಮೇಲೂ ತುದಿ ಮಾತ್ರ ಅವರ ಬದುವನ್ನು ದಾಟಿ ಹೊಲದೊಳಗೇ ಇತ್ತು. ಹೀಗಿದ್ದರೆ ಪಾಳಿ ಸಿಗುವುದಿಲ್ಲ, ಇನ್ನೊಂದು ಮೋಟರ್ ಎಲ್ಲೋ ಇರಬೇಕು ಎಂದೆ.

ಅವರು ಬಾಗಿಲ ಕಡೆ ನೋಡಿದರು, ಅಟೆಂಡರನ ಕಡೆ ನೋಡಿದರು, ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡರು.

“ನಮ್ಮ ಬೀಗರದೊಂದು ಐತಿ, ಬರಕೊಳ್ರಿ. ಹೆಸರು ಬ್ಯಾಡ್ರಿ, ಹಬ್ಬಕ್ಕ ಅವ್ರ ಮನಿಗೇ ಊಟಕ್ಕ ಹೋಗಬೇಕು.”